ಪವರ್‌ಶೆಲ್‌ನಲ್ಲಿ 45 ದಿನದ ಬಾಕಿ ಲೆಕ್ಕ: ಜೂನ್ 5 ಹೇಗೆ ಮೇ 6 ಆಯಿತು?

ಗಂಜ್ ಗುಮಾಸ್ತ, ಕಲಬುರಗಿ
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಉದ್ರಿ ಬಿಲ್ಲುಗಳೆಲ್ಲ ಒಂದು ಸಿಎಸ್‌ವಿ ಫೈಲಿನಲ್ಲಿವೆ: ಬಿಲ್ಲಿನ ಸಂಖ್ಯೆ, ಪಾರ್ಟಿ, ದಿನಾಂಕ, ಮೊತ್ತ. 45 ದಿನ ದಾಟಿದ ಬಿಲ್ಲುಗಳನ್ನು ದಿನಾ ಬೆಳಿಗ್ಗೆ ತೋರಿಸಲೆಂದು ವಿಂಡೋಸ್‌ಗೆ ಆಜ್ಞೆ ಬರೆದು ಕೆಲಸ ಮಾಡಿಸುವ ಪವರ್‌ಶೆಲ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದುಕೊಂಡೆ. ದಿನಾಂಕದ ಮುಂದೆ ಚೌಕ ಆವರಣದಲ್ಲಿ ಡೇಟ್‌ಟೈಮ್ ಎಂದು ಹಾಕಿ ಆ ಅಕ್ಷರಗಳನ್ನು ದಿನಾಂಕವಾಗಿಸಿ, ಆಡ್‌ಡೇಸ್‌ನಿಂದ 45 ಕೂಡಿಸಿ, ಗೆಟ್-ಡೇಟ್ ಕೊಡುವ ಇವತ್ತಿನ ದಿನಾಂಕಕ್ಕಿಂತ ಹಿಂದಿದ್ದರೆ ಪಟ್ಟಿಗೆ ಸೇರಿಸುವುದು. ಇಷ್ಟೇ.

ಸೋಮವಾರ, ಜೂನ್ 23ರಂದು, ಹೊರ ರಾಜ್ಯದ ಒಬ್ಬ ಹಳೆಯ ಗಿರಾಕಿಯ ಬಿಲ್ಲು ಪಟ್ಟಿಯಲ್ಲಿ ಬಂತು. ಫೋನ್ ಮಾಡಿ, ಗಡುವು ಮುಗಿದು ಮೂರು ದಿನವಾಯಿತು ಸಾವುಕಾರರೇ ಎಂದೆ. ಆ ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, "ನಿಮ್ಮ ಸರಕು ಬಂದಿಳಿದು ಹದಿನೈದು ದಿನವೂ ಆಗಿಲ್ಲವಲ್ಲ, ತಮ್ಮಾ" ಎಂದರು. ಬಿಲ್ಲು ತೆಗೆದು ನೋಡಿದರೆ 05/06/2025. ಅವರ ಮಾತೇ ನಿಜ. ಮಾಲೀಕರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಇನ್ನೊಂದು ವಿಚಿತ್ರ. ನಿಜವಾಗಿ ಗಡುವು ಮೀರಿದ ಮೇ 6ರ ಬಿಲ್ಲು ಪಟ್ಟಿಯಲ್ಲಿ ಇಲ್ಲವೇ ಇಲ್ಲ. ತಿಂಗಳ ಕೊನೆಯ ಬಿಲ್ಲುಗಳಂತೂ ಒಂದು ದಿನವೂ ಕಾಣಿಸಿಕೊಂಡಿಲ್ಲ. ಎಲ್ಲಿ ತಪ್ಪಿದೆ?

ರೊಟ್ಟಿ ಪುಂಡಿಪಲ್ಯ, ಯಾದಗಿರಿ
ಇಷ್ಟಕ್ಕೆಲ್ಲ ಸ್ಕ್ರಿಪ್ಟ್ ಯಾಕೆ ಬೇಕಿತ್ತು? ಎಕ್ಸೆಲ್‌ನಲ್ಲಿ ದಿನಾಂಕದ ಕೋಶಕ್ಕೆ 45 ಕೂಡಿಸಿದರೆ ಮುಗಿಯಿತು. ಇಲಿ ಹಿಡಿಯಲು ಗುಡ್ಡ ಅಗೆದ ಹಾಗಾಯಿತು.

ಕರಿ ಪರದೆ, ಬೀದರ್
ಗುಮಾಸ್ತರೇ, ಕಾರಣ ಆ ಚೌಕ ಆವರಣ. ಪವರ್‌ಶೆಲ್‌ನಲ್ಲಿ ಪಠ್ಯದ ಮುಂದೆ ಡೇಟ್‌ಟೈಮ್ ಎಂದು ಹಾಕಿ ಬದಲಾಯಿಸುವಾಗ, ನಿಮ್ಮ ವಿಂಡೋಸ್ ಭಾರತದ ಪದ್ಧತಿಯಲ್ಲಿದೆಯೋ ಜಪಾನಿನದ್ದರಲ್ಲಿದೆಯೋ ಎಂದು ಅದು ನೋಡುವುದಿಲ್ಲ. ಯಾವ ಊರಿನ ಕಂಪ್ಯೂಟರಿನಲ್ಲಿ ಓಡಿಸಿದರೂ ಉತ್ತರ ಒಂದೇ ಬರಲಿ ಎಂದು ಬೇಕೆಂದೇ ಹೀಗೆ ಮಾಡಿದ್ದಾರೆ. ಆದರೆ ಅವರು ಆರಿಸಿಕೊಂಡ ಕ್ರಮ ಅಮೆರಿಕದವರದು: ಮೊದಲು ತಿಂಗಳು, ಆಮೇಲೆ ದಿನ. ನಿಮ್ಮ ಜೂನ್ 5 ಅದರ ಕಣ್ಣಿಗೆ ಮೇ 6. ಮೇ 6ಕ್ಕೆ 45 ಕೂಡಿಸಿದರೆ ಜೂನ್ 20, ಹಾಗಾಗಿ 23ರಂದು "ಮೂರು ದಿನ ಮೀರಿದೆ" ಎಂದಿತು. ನಿಜವಾದ ಗಡುವು ಜುಲೈ 20.

ಮೇ 6ರ ಬಿಲ್ಲು ಕಾಣದಿರುವುದೂ ಇದೇ ತಪ್ಪಿನ ಇನ್ನೊಂದು ಮುಖ. ಅದನ್ನು ಜೂನ್ 5 ಎಂದು ಓದಿಕೊಂಡು ಜುಲೈ 20ರ ತನಕ ಆರಾಮವಾಗಿ ಕೂತಿದೆ.

ನನಗೆ ಅನುಮಾನ ಬಂದಿರುವುದು ತಿಂಗಳ ಕೊನೆಯ ಬಿಲ್ಲುಗಳ ಮೇಲೆ. 13ನೇ ತಿಂಗಳು ಎಂಬುದಿಲ್ಲ. ಆದ್ದರಿಂದ 13ನೇ ತಾರೀಖಿನಿಂದ ಮುಂದಿನ ಪ್ರತಿ ಬಿಲ್ಲಿಗೂ ಕೆಂಪು ಅಕ್ಷರಗಳಲ್ಲಿ ಎರರ್ ಬರಬೇಕಿತ್ತು. ನಿಮಗೆ ಯಾಕೆ ಕಾಣಲಿಲ್ಲ? ಟ್ರೈ ಬರೆದು, ಎರರ್ ಬಂದರೆ ಏನು ಮಾಡಬೇಕೆಂದು ಹೇಳುವ ಅದರ ಕ್ಯಾಚ್ ಭಾಗವನ್ನು ಖಾಲಿ ಬಿಟ್ಟಿದ್ದೀರಾ?

ಗಂಜ್ ಗುಮಾಸ್ತ, ಕಲಬುರಗಿ
ಅಕ್ಕಾವರೇ, ಹಿಡಿದೇಬಿಟ್ಟಿರಿ. ಮೊದಲ ದಿನ ಪರದೆಯ ತುಂಬಾ ಕೆಂಪು ಬಂದಿತ್ತು. ಎಲ್ಲೋ ನೋಡಿದ ಟ್ರೈ-ಕ್ಯಾಚ್ ಹಾಕಿದೆ, ಕೆಂಪು ಮಾಯವಾಯಿತು. ಸರಿಹೋಯಿತು ಎಂದುಕೊಂಡೆ.

ಕರಿ ಪರದೆ, ಬೀದರ್
ಖಾಲಿ ಕ್ಯಾಚ್ ಎಂದರೆ ಕಾವಲು ನಾಯಿ ಬೊಗಳುತ್ತದೆ ಎಂದು ಅದರ ಬಾಯಿ ಕಟ್ಟಿದಂತೆ. ನಾನು ಇಲ್ಲಿನ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ; ಪರೀಕ್ಷೆಯಲ್ಲಿ ಇದೊಂದಕ್ಕೆ ಮಾತ್ರ ಕರುಣೆ ತೋರಿಸದೆ ಅಂಕ ಕಳೆಯುತ್ತೇನೆ. ಕೆಟ್ಟ ಸಾಲುಗಳನ್ನು ಕನಿಷ್ಠ ಬೇರೆ ಪಟ್ಟಿಗಾದರೂ ಬರೆಸಿ.

ಪರಿಹಾರ: ಚೌಕ ಆವರಣದ ಬದಲಾವಣೆ ಬಿಡಿ. ಡೇಟ್‌ಟೈಮ್‌ನಲ್ಲೇ ಪಾರ್ಸ್‌ಎಕ್ಸಾಕ್ಟ್ ಎಂಬ ವಿಧಾನವಿದೆ. ಅದಕ್ಕೆ ಮೂರು ಕೊಡಬೇಕು: ಪಠ್ಯ, ಅದು ಯಾವ ಮಾದರಿಯಲ್ಲಿದೆ ಎಂಬ ವಿವರಣೆ, ಯಾವ ದೇಶದ ಪದ್ಧತಿ ಎಂಬುದು. ಮಾದರಿಯಲ್ಲಿ ಎರಡು ಡಿ ದಿನಕ್ಕೆ, ಎರಡು ದೊಡ್ಡ ಎಂ ತಿಂಗಳಿಗೆ, ನಾಲ್ಕು ವೈ ಇಸವಿಗೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು ಎಂದು ಬೇರೆ ಹೇಳಬೇಕಿಲ್ಲ ತಾನೇ.

ದೊಡ್ಡ ಎಂ ಎನ್ನುವುದನ್ನು ಎರಡು ಸಲ ಓದಿ. ಸಣ್ಣ ಎಂ ಹಾಕಿದರೆ ಅದು ನಿಮಿಷ.

ಗಂಜ್ ಗುಮಾಸ್ತ, ಕಲಬುರಗಿ
ಓಹೋ! ಪಟ್ಟಿಯ ಫೈಲಿಗೆ ಆಯಾ ದಿನದ ಹೆಸರು ಬರುವಂತೆ ಮಾಡಿದ್ದೆ. ನಿನ್ನೆಯದರ ಹೆಸರು "ಬಾಕಿ-2025-42-23" ಎಂದಿದೆ. 42ನೇ ತಿಂಗಳು ಎಲ್ಲಿಂದ ಬಂತೆಂದು ತಲೆ ಕೆರೆದುಕೊಳ್ಳುತ್ತಿದ್ದೆ. ಸ್ಕ್ರಿಪ್ಟ್ ಓಡಿಸಿದ್ದು 9 ಗಂಟೆ 42 ನಿಮಿಷಕ್ಕೆ.

ಆದರೆ ನೀವು ಹೇಳಿದಂತೆ ಮಾಡಿದರೆ ಈಗ ಒಂದು ಬಿಲ್ಲೂ ದಾಟುತ್ತಿಲ್ಲ, ಎಲ್ಲವೂ ಕೆಂಪು. "ದಿನಾಂಕವಾಗಿ ಗುರುತಿಸಲು ಆಗಲಿಲ್ಲ" ಎನ್ನುತ್ತದೆ. ಮಾದರಿಯಲ್ಲಿ ಓರೆಗೆರೆ ಇದೆ, ಬಿಲ್ಲಿನಲ್ಲೂ ಓರೆಗೆರೆ ಇದೆ. ಮೂರನೆಯದಕ್ಕೆ ನಲ್, ಅಂದರೆ ಏನೂ ಇಲ್ಲ, ಎಂದು ಕೊಟ್ಟಿದ್ದೇನೆ.

ಕರಿ ಪರದೆ, ಬೀದರ್
ಆ ನಲ್ ಇರುವ ಕಡೆಯೇ ಗುಂಡಿ ಇರುವುದು. ನಾನೂ ಅದರಲ್ಲಿ ಒಂದು ಮಧ್ಯಾಹ್ನ ಪೂರ್ತಿ ಬಿದ್ದಿದ್ದೆ, ಮೊದಲೇ ಹೇಳಬೇಕಿತ್ತು.

ಮಾದರಿಯಲ್ಲಿ ನೀವು ಬರೆಯುವ ಓರೆಗೆರೆ ನಿಜವಾದ ಓರೆಗೆರೆ ಅಲ್ಲ. "ಈ ಕಂಪ್ಯೂಟರಿನ ಪದ್ಧತಿಯಲ್ಲಿ ದಿನಾಂಕದ ನಡುವೆ ಏನು ಹಾಕುತ್ತಾರೋ ಅದು" ಎಂದು ಅದರ ಅರ್ಥ. ವಿಂಡೋಸ್‌ನಲ್ಲಿ ಭಾರತದ ಪದ್ಧತಿ ಇಟ್ಟಿದ್ದರೆ ಸಾಮಾನ್ಯವಾಗಿ ಅಲ್ಲಿರುವುದು ಅಡ್ಡಗೆರೆ. ನಲ್ ಕೊಟ್ಟರೆ ಕಂಪ್ಯೂಟರಿನ ಪದ್ಧತಿಯನ್ನೇ ಬಳಸು ಎಂದಂತೆ. ಹಾಗಾಗಿ ಅದು 05-06-2025 ಎಂದು ನಿರೀಕ್ಷಿಸುತ್ತಾ ಕೂತಿದೆ, ನೀವು ಓರೆಗೆರೆ ಕೊಡುತ್ತಿದ್ದೀರಿ. ನಲ್ ಬದಲು ಕಲ್ಚರ್‌ಇನ್ಫೋದಲ್ಲಿರುವ ಇನ್ವೇರಿಯಂಟ್‌ಕಲ್ಚರ್ ಕೊಡಿ, ಅದು ಯಾವ ದೇಶಕ್ಕೂ ಸೇರದ, ಎಲ್ಲೂ ಬದಲಾಗದ ಪದ್ಧತಿ. ಅಲ್ಲಿ ಓರೆಗೆರೆ ಎಂದರೆ ಓರೆಗೆರೆಯೇ.

ಭೀಮಾ ದಂಡೆ, ಯಾದಗಿರಿ
ಇದನ್ನೆಲ್ಲ ಓದುವಾಗ ಲಿನಕ್ಸ್‌ನವನಾದ ನನಗೆ ಒಳಗೊಳಗೇ ಖುಷಿ. ನಮ್ಮಲ್ಲಿ ಡೇಟ್ ಆಜ್ಞೆಗೆ ಸಣ್ಣ ಡಿ ಸೇರಿಸಿ "45 ಡೇಸ್ ಅಗೋ" ಎಂದು ಇಂಗ್ಲಿಷಿನಲ್ಲೇ ಕೇಳಿದರೆ ಸಾಕು, ಹಿಂದಿನ ದಿನಾಂಕ ಬರುತ್ತದೆ. "ನೆಕ್ಸ್ಟ್ ಫ್ರೈಡೇ" ಎಂದರೂ ತಿಳಿಯುತ್ತದೆ.

ಕರಿ ಪರದೆ, ಬೀದರ್
ಭೀಮಾ ದಂಡೆಯವರೇ, ಜುಲೈ 31ರಂದು ಅದಕ್ಕೆ "ಲಾಸ್ಟ್ ಮಂತ್" ಎಂದು ಕೇಳಿ ನೋಡಿ. ಆಮೇಲೆ ಖುಷಿಪಡೋಣ.

ಭೀಮಾ ದಂಡೆ, ಯಾದಗಿರಿ
ಸರಿ, ಒಪ್ಪಿದೆ. ಅದು ಜುಲೈ 1 ಎನ್ನುತ್ತದೆ. ತಿಂಗಳ ಅಂಕಿಯಿಂದ ಒಂದು ಕಳೆದು ಜೂನ್ 31 ಮಾಡಿಕೊಳ್ಳುತ್ತದೆ, ಅಂಥ ದಿನವೇ ಇಲ್ಲವಾದ್ದರಿಂದ ಮುಂದಕ್ಕೆ ಉರುಳಿ ಜುಲೈ 1ಕ್ಕೆ ಬೀಳುತ್ತದೆ. ಹಿಂದಿನ ತಿಂಗಳ ಹೆಸರು ಬೇಕಿದ್ದರೆ ಮೊದಲು ಈ ತಿಂಗಳ 15ಕ್ಕೆ ಬಂದು, ಅಲ್ಲಿಂದ ಒಂದು ತಿಂಗಳು ಹಿಂದೆ ಹೋಗಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ತಿಂಗಳ ನಡುವೆ ನಿಂತವನಿಗೆ ಜಾರುವ ಭಯವಿಲ್ಲ.

ಮ್ಯಾಕ್ ಇರುವವರಿಗೆ ಒಂದು ಮಾತು: ಅಲ್ಲಿನ ಡೇಟ್ ಬೇರೆ ವಂಶದ್ದು, ಸಣ್ಣ ಡಿ ನಡೆಯುವುದಿಲ್ಲ, ಸಣ್ಣ ವಿ ಬಳಸಬೇಕು.

ಶ್ರಾವಣದ ಬ್ಯಾಚ್, ಕಲಬುರಗಿ
ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯ ಕಥೆ ಹೇಳುತ್ತೇನೆ, ನನ್ನ ಹೆಸರಿನ ಗುಟ್ಟೂ ತಿಳಿಯುತ್ತದೆ. ಅಲ್ಲಿ ಪವರ್‌ಶೆಲ್‌ಗಿಂತ ಹಳೆಯ, ಕಪ್ಪು ಪರದೆಯ ಒಂದು ಬ್ಯಾಚ್ ಫೈಲ್ ಇತ್ತು. ಇವತ್ತಿನ ತಿಂಗಳಿಂದ ಒಂದು ಕಳೆದು ಹಿಂದಿನ ತಿಂಗಳ ಫೈಲುಗಳನ್ನು ಬೇರೆ ಡಿಸ್ಕಿಗೆ ಸಾಗಿಸುವುದು ಅದರ ಕೆಲಸ. ಜನವರಿಯಿಂದ ಜುಲೈವರೆಗೆ ಚೊಕ್ಕವಾಗಿ ನಡೆಯುತ್ತಿತ್ತು. ಆಗಸ್ಟ್ ಬಂತೆಂದರೆ ನಿಲ್ಲುತ್ತಿತ್ತು. ಅಕ್ಟೋಬರ್ 1ಕ್ಕೆ ಯಾರೂ ಮುಟ್ಟದೆಯೇ ಮತ್ತೆ ಶುರು. ನಮ್ಮ ಜವಾನರು "ಇದು ಶ್ರಾವಣ ಹಿಡಿಯುತ್ತದೆ, ಬಿಡಿ" ಎನ್ನುತ್ತಿದ್ದರು. ನಾವೂ ಎರಡು ವರ್ಷ ಆ ಎರಡು ತಿಂಗಳು ಕೈಯಿಂದಲೇ ಸಾಗಿಸಿದೆವು.

ಕಾರಣ ಸಿಕ್ಕಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬ್ಯಾಚ್‌ನ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿ ಎಂಟರ ಮಾನದ್ದು. ಆ ಮಾನದಲ್ಲಿ 0ಯಿಂದ 7ರವರೆಗೆ ಮಾತ್ರ ಅಂಕಿಗಳು. 01ರಿಂದ 07 ಸರಿ. 08, 09 ಎಂದರೆ ಅದಕ್ಕೆ ಅಂಕಿಯೇ ಅಲ್ಲ. 10ಕ್ಕೆ ಮುಂದೆ ಸೊನ್ನೆಯಿಲ್ಲ, ಹಾಗಾಗಿ ಮತ್ತೆ ಸರಿ. ತಿಂಗಳ ಮುಂದೆ ಒಂದು ಅಂಟಿಸಿ 108 ಮಾಡಿ, ಅದರಿಂದ 100 ಕಳೆದರೆ 8 ಉಳಿಯುತ್ತದೆ. ಆ ಒಂದು ತಿದ್ದುಪಡಿಯ ಮೇಲೆ ಶ್ರಾವಣ ಬಿಟ್ಟಿತು.

ಭೀಮಾ ದಂಡೆ, ಯಾದಗಿರಿ
ನಮ್ಮ ಲಿನಕ್ಸ್‌ನಲ್ಲಿ ಆಜ್ಞೆ ಬರೆಯುವ ಬ್ಯಾಶ್‌ನಲ್ಲೂ ಇದೇ ಕಾಟವಿದೆ. ಅಲ್ಲಿ ಅಂಕಿಯ ಮುಂದೆ 10 ಮತ್ತು ಹ್ಯಾಶ್ ಚಿಹ್ನೆ ಹಾಕಿದರೆ "ಇದು ಹತ್ತರ ಮಾನ" ಎಂದು ತಿಳಿದುಕೊಳ್ಳುತ್ತದೆ.

ಗಂಜ್ ಗುಮಾಸ್ತ, ಕಲಬುರಗಿ
ಅಕ್ಕಾವರೇ, ಇನ್ವೇರಿಯಂಟ್ ಕೊಟ್ಟ ಮೇಲೆ ಎಲ್ಲ ಸಾಲೂ ಸರಿಯಾಗಿ ಓದುತ್ತಿದೆ. ಒಂದು ಸಣ್ಣ ತಕರಾರು ಮಾತ್ರ ಉಳಿದಿದೆ. ಇವತ್ತು ಜೂನ್ 24. ಮೇ 10ರ ಬಿಲ್ಲಿಗೆ ಇವತ್ತೇ 45ನೇ ದಿನ, ಗಿರಾಕಿಗೆ ಸಂಜೆಯವರೆಗೆ ಸಮಯವಿದೆ. ಬೆಳಿಗ್ಗೆಯೇ ಅದನ್ನು "ಮೀರಿದೆ" ಎಂದು ತೋರಿಸಿದೆ. ಈ ಸಲ ಫೋನ್ ಮಾಡುವ ಮೊದಲು ಎಣಿಸಿ ನೋಡಿದೆ.

ಕರಿ ಪರದೆ, ಬೀದರ್
ಒಳ್ಳೆಯ ಕೆಲಸ ಮಾಡಿದಿರಿ. ಗೆಟ್-ಡೇಟ್ ಕೊಡುವುದು ಬರೀ ದಿನವಲ್ಲ, ಈ ಕ್ಷಣ. ಅದರಲ್ಲಿ ಗಂಟೆ, ನಿಮಿಷ ಎಲ್ಲ ಇವೆ. ಒಳಗಡೆ ಅದು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಸಣ್ಣದಾಗಿ ಎಣಿಸುತ್ತದೆ. ನಿಮ್ಮ ಬಿಲ್ಲಿನ ದಿನಾಂಕಕ್ಕೆ ಹೊತ್ತು ಬರೆದಿಲ್ಲ, ಹಾಗಾಗಿ ಅದು ನಡುರಾತ್ರಿ 12. ಜೂನ್ 24ರ ನಡುರಾತ್ರಿಗಿಂತ ಜೂನ್ 24ರ ಬೆಳಿಗ್ಗೆ ಒಂಬತ್ತೂವರೆ ಮುಂದಿದೆ, ಆದ್ದರಿಂದ ಮೀರಿದೆ ಎನ್ನುತ್ತದೆ. ಗೆಟ್-ಡೇಟ್ ಬದಲು ಡೇಟ್‌ಟೈಮ್‌ನ ಟುಡೇ ಬಳಸಿ, ಅದೂ ನಡುರಾತ್ರಿಯದೇ. ಹೋಲಿಕೆಗೆ ಎರಡೂ ಕಡೆ ಒಂದೇ ಜಾತಿ ಇರಬೇಕು.

ಗೆಟ್-ಡೇಟ್‌ಗೆ ಫಾರ್ಮ್ಯಾಟ್ ಸೇರಿಸಿ ಬಂದದ್ದಕ್ಕೆ ದಿನ ಕೂಡಿಸಲು ಹೋಗಬೇಡಿ. ಫಾರ್ಮ್ಯಾಟ್ ಬಿದ್ದ ಕೂಡಲೇ ಅದು ದಿನಾಂಕವಲ್ಲ, ಬರೀ ಅಕ್ಷರಗಳ ಸಾಲು. ದಿನ ಮೊದಲಿರುವ ಸಾಲುಗಳನ್ನು ವಿಂಗಡಿಸಿದರೆ ಎಲ್ಲ ತಿಂಗಳ 1ನೇ ತಾರೀಖೂ ಒಂದು ಕಡೆ, 2 ಇನ್ನೊಂದು ಕಡೆ ಗುಂಪಾಗುತ್ತವೆ. ಲೆಕ್ಕವೆಲ್ಲ ಮುಗಿದು ಕಾಗದಕ್ಕೆ ಇಳಿಸುವಾಗ ಮಾತ್ರ ಫಾರ್ಮ್ಯಾಟ್.

ರೊಟ್ಟಿ ಪುಂಡಿಪಲ್ಯ, ಯಾದಗಿರಿ
ನಾನು ಎಕ್ಸೆಲ್ ಎಂದಾಗ ಯಾರೂ ಉತ್ತರ ಕೊಡಲಿಲ್ಲ.

ಭೀಮಾ ದಂಡೆ, ಯಾದಗಿರಿ
ಅಣ್ಣಾ, ಎಕ್ಸೆಲ್ ಪ್ರಕಾರ 1900ರ ಫೆಬ್ರವರಿ 29 ಎಂಬ ದಿನವಿದೆ. 1900 ಅಧಿಕ ವರ್ಷವೇ ಅಲ್ಲ. ಹಿಂದಿನ ಲೋಟಸ್ 1-2-3 ಮಾಡಿದ ತಪ್ಪನ್ನು, ಹಳೆಯ ಫೈಲುಗಳ ಲೆಕ್ಕ ಕೆಡದಿರಲಿ ಎಂದು ಹಾಗೆಯೇ ಉಳಿಸಿಕೊಂಡು ಬಂದಿದ್ದಾರೆ.

ರೊಟ್ಟಿ ಪುಂಡಿಪಲ್ಯ, ಯಾದಗಿರಿ
1900ರಲ್ಲಿ ನಾನು ಬೇಳೆ ಮಾರಿಲ್ಲ ತಮ್ಮಾ. ಆದರೆ ಒಂದು ಕಾನೂನಿನ ಮಾತು. ಆ 45 ದಿನ 2006ರ ಸಣ್ಣ ಉದ್ಯಮಗಳ ಕಾಯ್ದೆಯದಾದರೆ, ಅದನ್ನು ಬಿಲ್ಲಿನ ದಿನದಿಂದ ಎಣಿಸುವುದಲ್ಲ, ಕೊಂಡವನು ಸರಕು ಒಪ್ಪಿಕೊಂಡ ದಿನದಿಂದ. ಬರಹದಲ್ಲಿ ಒಪ್ಪಂದವಿದ್ದರೆ ಹೆಚ್ಚೆಂದರೆ 45, ಇಲ್ಲದಿದ್ದರೆ 15. ಆ ಹಿರಿಯರು "ಸರಕು ಬಂದಿಳಿದು" ಎಂದು ಎಣಿಸಿದ್ದು ಸುಮ್ಮನೆ ಅಲ್ಲ. ನಿಮ್ಮ ಫೈಲಿನಲ್ಲಿ ಸರಕು ಮುಟ್ಟಿದ ದಿನದ ಕಾಲಂ ಎಲ್ಲಿದೆ?

ಗಂಜ್ ಗುಮಾಸ್ತ, ಕಲಬುರಗಿ
ಇಲ್ಲ ಅಣ್ಣಾ. ಈ ಮಾತು ಇಡೀ ಸ್ಕ್ರಿಪ್ಟಿಗಿಂತ ದೊಡ್ಡದು. ಲಾರಿ ರಸೀದಿಗಳಿಂದ ತುಂಬಿಸುತ್ತೇನೆ.

ಇನ್ನೊಂದು ಕೇಳಿಬಿಡುತ್ತೇನೆ. ಗೋದಾಮಿನ ಬಾಡಿಗೆ ತಿಂಗಳಿಗೊಮ್ಮೆ, ಶುರುವಾದದ್ದು ಜನವರಿ 31ಕ್ಕೆ. ಆಡ್‌ಮಂತ್ಸ್‌ನಿಂದ ಒಂದೊಂದೇ ತಿಂಗಳು ಕೂಡಿಸುತ್ತಾ ಹೋದರೆ ಫೆಬ್ರವರಿ 28, ಮಾರ್ಚ್ 28, ಏಪ್ರಿಲ್ 28 ಎಂದು ಬರುತ್ತದೆ. 31 ಎಲ್ಲಿ ಹೋಯಿತು?

ಕರಿ ಪರದೆ, ಬೀದರ್
ಫೆಬ್ರವರಿ ನುಂಗಿತು. ಆ ತಿಂಗಳಲ್ಲಿ 31 ಇಲ್ಲದಿದ್ದರೆ ಆಡ್‌ಮಂತ್ಸ್ ಕೊನೆಯ ದಿನಕ್ಕೆ ಇಳಿಸುತ್ತದೆ, ಲಿನಕ್ಸಿನಂತೆ ಮುಂದಕ್ಕೆ ಉರುಳಿಸುವುದಿಲ್ಲ. ಆದರೆ ಒಮ್ಮೆ 28ಕ್ಕೆ ಇಳಿದ ದಿನಾಂಕಕ್ಕೆ ತಾನು 31 ಆಗಿದ್ದೆ ಎಂಬ ನೆನಪಿಲ್ಲ. ಹಾಗಾಗಿ ಬಂದ ಉತ್ತರಕ್ಕೆ ಮತ್ತೆ ಒಂದು ಕೂಡಿಸಬೇಡಿ. ಪ್ರತಿ ಸಲವೂ ಮೂಲದ ಜನವರಿ 31ಕ್ಕೇ ಒಂದು, ಎರಡು, ಮೂರು ಎಂದು ಕೂಡಿಸಿ. ಆಗ ಫೆಬ್ರವರಿ 28, ಮಾರ್ಚ್ 31, ಏಪ್ರಿಲ್ 30.

ಹಣಕಾಸು ವರ್ಷ ಬೇಕಾದಾಗ ಜನ ಉದ್ದುದ್ದ ಇಫ್ ಬರೆಯುತ್ತಾರೆ. ಬೇಡ. ಯಾವುದೇ ದಿನಾಂಕಕ್ಕೆ ಆಡ್‌ಮಂತ್ಸ್‌ನಲ್ಲಿ ಮೈನಸ್ 3 ಕೊಟ್ಟು ಇಸವಿ ತೆಗೆದುಕೊಳ್ಳಿ. 2025ರ ಮಾರ್ಚ್ 31 ಹಿಂದೆ ಸರಿದು 2024ಕ್ಕೆ ಬೀಳುತ್ತದೆ, ಏಪ್ರಿಲ್ 1 ಸರಿದರೂ 2025ರಲ್ಲೇ ನಿಲ್ಲುತ್ತದೆ. ಈ ಒಂದು ಸಾಲಿನ ಮೇಲೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ.

ಗಂಜ್ ಗುಮಾಸ್ತ, ಕಲಬುರಗಿ
ಮಾಲೀಕರಿಗೆ ಬಾಡಿಗೆ ಪಟ್ಟಿ ತೋರಿಸಿದೆ. ಅವರು ಕನ್ನಡಕ ಏರಿಸಿ, "ನಮ್ಮ ಅಪ್ಪನ ಕಾಲದಲ್ಲಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು. ನಿನ್ನ ಯಂತ್ರಕ್ಕೆ ಅಮಾವಾಸ್ಯೆ ಗೊತ್ತೇ?" ಎಂದರು.

ಕರಿ ಪರದೆ, ಬೀದರ್
ಗೊತ್ತಿಲ್ಲ. ಪವರ್‌ಶೆಲ್‌ಗೆ ಬುನಾದಿಯಾದ ಡಾಟ್‌ನೆಟ್ ಒಳಗೆ ಹಿಜರಿ, ಪರ್ಷಿಯನ್, ಹೀಬ್ರೂ, ಥಾಯ್ ಬೌದ್ಧ ಪಂಚಾಂಗಗಳೆಲ್ಲ ಸಿದ್ಧವಾಗಿವೆ, ನಮ್ಮ ಚಾಂದ್ರಮಾನ ಇಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ಎಂದು ಮಾಲೀಕರಿಗೆ ಹೇಳಿ.

ಹಳೆ ಕಡತ, ಕಲಬುರಗಿ
ಮಕ್ಕಳೇ, ಪಂಚಾಂಗದ ಮಾತು ಬಂದದ್ದಕ್ಕೆ ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ನಿವೃತ್ತ, ಹಳೆಯ ಜಮೀನು ಕಾಗದಗಳನ್ನು ಓದುವ ಚಟವಿದೆ. ನಿಜಾಮರ ಕಾಲದ ನಮ್ಮ ಕಾಗದಗಳಲ್ಲಿ ಫಸಲಿ ಎಂಬ ಕಂದಾಯ ಲೆಕ್ಕದ ಇಸವಿ ಇರುತ್ತದೆ. ಹೈದರಾಬಾದಿನ ಭೂಕಂದಾಯ ಕಾಯ್ದೆ 1317 ಫಸಲಿ, ಜಾಗೀರು ರದ್ದತಿ 1358 ಫಸಲಿ. ನನ್ನ ಬಳಿ ಇಂಥ ಸುಮಾರು ಕಾಗದಗಳ ಪಟ್ಟಿ ಇದೆ. ನಿಮ್ಮ ಸ್ಕ್ರಿಪ್ಟಿಗೆ ಇದನ್ನು ಇಂಗ್ಲಿಷ್ ಇಸವಿಗೆ ತಿರುಗಿಸಲು ಬರುತ್ತದೆಯೇ?

ಕರಿ ಪರದೆ, ಬೀದರ್
ಕಾಕಾ, ಸಿದ್ಧವಾಗಿ ಇಲ್ಲ, ಆದರೆ ಕೂಡುವ ಲೆಕ್ಕವೇ ಅಲ್ಲವೇ? ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ 590 ಕೂಡಿಸಿ, ಜನವರಿಯಿಂದ ಸೆಪ್ಟೆಂಬರ್‌ವರೆಗೆ 591. ಜಾಗೀರು ರದ್ದಾದದ್ದು 1949ರ ಆಗಸ್ಟ್ 15. 1358ಕ್ಕೆ 591 ಕೂಡಿಸಿದರೆ ತಾಳೆಯಾಗುತ್ತದೆ. ಕಾಗದದಲ್ಲಿ ಇಸವಿ ಮಾತ್ರ ಇದ್ದರೆ ಒಂದು ದಿನಾಂಕವನ್ನು ಹುಟ್ಟಿಸಲು ಹೋಗಬೇಡಿ, 1948-49 ಎಂದೇ ಬರೆಸಿ. ಇಲ್ಲದ ನಿಖರತೆಯನ್ನು ಯಂತ್ರ ಬಹಳ ಧೈರ್ಯದಿಂದ ಮುದ್ರಿಸುತ್ತದೆ.

ಹಳೆ ಕಡತ, ಕಲಬುರಗಿ
ಸರಿಯಮ್ಮ. ಹಾಗಾದರೆ ಇನ್ನೊಂದು. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು, ನಮಗೆ 1948ರ ಸೆಪ್ಟೆಂಬರ್ 17ಕ್ಕೆ. "ಹದಿಮೂರು ತಿಂಗಳು" ಎಂದು ಭಾಷಣಗಳಲ್ಲಿ ಕೇಳುತ್ತಲೇ ಬಂದಿದ್ದೇನೆ. ದಿನ ಎಷ್ಟು?

ಗಂಜ್ ಗುಮಾಸ್ತ, ಕಲಬುರಗಿ
ಕಾಕಾ, ಇದನ್ನು ನಾನು ಮಾಡುತ್ತೇನೆ. ನ್ಯೂ-ಟೈಮ್‌ಸ್ಪ್ಯಾನ್‌ಗೆ ಸ್ಟಾರ್ಟ್, ಎಂಡ್ ಎರಡು ಕೊಟ್ಟೆ: 399 ದಿನ. 1948 ಅಧಿಕ ವರ್ಷವಾದ್ದರಿಂದ ಫೆಬ್ರವರಿ 29 ಕೂಡ ಇದರಲ್ಲಿ ಸೇರಿದೆ. ಡೇಆಫ್‌ವೀಕ್ ಕೇಳಿದೆ, ಎರಡೂ ದಿನ ಶುಕ್ರವಾರ!

ಹಳೆ ಕಡತ, ಕಲಬುರಗಿ
ಭೇಷ್. ನಾನು ಬೆರಳೆಣಿಸಿ ನೋಡಿದೆ, ಸರಿಯಿದೆ. ಇನ್ನೂ ಹಿಂದೆ ಹೋಗು. ಬಹಮನಿ ಅರಸ ಹಸನ್ ಪಟ್ಟಕ್ಕೆ ಬಂದದ್ದು 1347ರ ಆಗಸ್ಟ್ 3. ಅದು ಯಾವ ವಾರ?

ಗಂಜ್ ಗುಮಾಸ್ತ, ಕಲಬುರಗಿ
ಗುರುವಾರ ಎನ್ನುತ್ತಿದೆ ಕಾಕಾ.

ಹಳೆ ಕಡತ, ಕಲಬುರಗಿ
ತಪ್ಪು. ಅದು ಶುಕ್ರವಾರ.

ಕರಿ ಪರದೆ, ಬೀದರ್
ಕಾಕಾ ಹೇಳಿದ್ದೇ ಸರಿ. ಇವತ್ತಿನ ಗ್ರೆಗೋರಿಯನ್ ಪದ್ಧತಿ ಜಾರಿಗೆ ಬಂದದ್ದೇ 1582ರಲ್ಲಿ. ಅದಕ್ಕೂ ಹಿಂದಿನ ದಿನಾಂಕಗಳನ್ನು ಇತಿಹಾಸದ ಪುಸ್ತಕಗಳು ಜೂಲಿಯನ್ ಪದ್ಧತಿಯಲ್ಲಿ ಬರೆಯುತ್ತವೆ. ಪವರ್‌ಶೆಲ್ ಮಾತ್ರ ಇವತ್ತಿನ ನಿಯಮವನ್ನೇ ಇಸವಿ 1ರವರೆಗೂ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. 1347ರಲ್ಲಿ ಎರಡರ ನಡುವಿನ ಅಂತರ 8 ದಿನ. ಪುಸ್ತಕದ ಆಗಸ್ಟ್ 3 ಇದರ ಲೆಕ್ಕದಲ್ಲಿ ಆಗಸ್ಟ್ 11. ಗುಮಾಸ್ತರೇ, ಆಗಸ್ಟ್ 11 ಕೊಟ್ಟು ನೋಡಿ. ಅಥವಾ ಡಾಟ್‌ನೆಟ್‌ನ ಜೂಲಿಯನ್‌ಕ್ಯಾಲೆಂಡರ್‌ನಿಂದ ಅದೇ ಆಗಸ್ಟ್ 3ನ್ನು ಕಟ್ಟಿದರೂ ಆಯಿತು.

ಗಂಜ್ ಗುಮಾಸ್ತ, ಕಲಬುರಗಿ
ಎರಡೂ ಶುಕ್ರವಾರ. ಕಾಕಾ, ಯಂತ್ರದ ಪರವಾಗಿ ಕ್ಷಮೆ ಕೇಳುತ್ತೇನೆ.

ಶ್ರಾವಣದ ಬ್ಯಾಚ್, ಕಲಬುರಗಿ
ಬೇಳೆ ಬಿಲ್ಲಿನಿಂದ ಬಹಮನಿ ತನಕ ಬಂದೆವು. ಮೂಲ ಪಟ್ಟಿ ಏನಾಯಿತು?

ಗಂಜ್ ಗುಮಾಸ್ತ, ಕಲಬುರಗಿ
ಕ್ಷಮಿಸಿ, ಹತ್ತು ದಿನ ಇತ್ತ ಬರಲಾಗಲಿಲ್ಲ. ಲಾರಿ ರಸೀದಿಗಳಿಂದ ಸರಕು ಮುಟ್ಟಿದ ದಿನಗಳನ್ನು ತುಂಬಿಸಿದೆ. ಕ್ಯಾಚ್ ಒಳಗೆ ಈಗ ಓದಲಾಗದ ಸಾಲನ್ನು ಬೇರೆ ಫೈಲಿಗೆ ಬರೆಸುತ್ತೇನೆ. ಆ ಹಿರಿಯರಿಗೆ ಮತ್ತೆ ಫೋನ್ ಮಾಡಿ ತಪ್ಪು ನನ್ನದೇ ಎಂದೆ. ನಕ್ಕು, ಇನ್ನೊಂದು ಲೋಡಿಗೆ ದರ ಕೇಳಿದರು.

ಇವತ್ತು ಆ ಬೇರೆ ಫೈಲಿನಲ್ಲಿ ಒಂದೇ ಒಂದು ಸಾಲು ಬಿದ್ದಿದೆ. ಅರ್ಧ ಗಂಟೆ ಸ್ಕ್ರಿಪ್ಟ್ ಕೆದಕಿದೆ, ಓರೆಗೆರೆ ನೋಡಿದೆ, ದೊಡ್ಡ ಎಂ ನೋಡಿದೆ, ಎಲ್ಲ ಸರಿ. ಕೊನೆಗೆ ಬಿಲ್ಲಿನ ದಿನಾಂಕ ಓದಿದೆ: 31/04/2025. ನಾನೇ ಕೈಯಿಂದ ಹೊಡೆದದ್ದು. ಅದು ಏಪ್ರಿಲ್ 30ಓ ಮೇ 1ಓ ನೋಡಲು ಗೋದಾಮಿನ ಅಟ್ಟದ ಮೇಲಿನ ಕಾಗದದ ಕಟ್ಟು ಇಳಿಸುತ್ತಿದ್ದೇನೆ.